ಎರಡು ಕೋಣೆಯ ಹೋಮ್‌ಸ್ಟೇ: ಕಮಿಷನ್ ಲೆಕ್ಕದ ಹಾಳೆ, ಆರು ವಾರದ ಕೆಲಸ

ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ತೋಟದ ಮನೆ, ಬಾಡಿಗೆಗೆ ಎರಡು ಕೋಣೆ. ಬರುವವರು ಹೆಚ್ಚಾಗಿ ಅನಂತಪುರದ ಕೆರೆ ದೇವಸ್ಥಾನ, ಬೇಕಲ ಕೋಟೆ ನೋಡುವವರು. ಕೋಣೆಗೆ ರಾತ್ರಿಗೆ 2,500 ರೂಪಾಯಿ ಕೈಗೆ ಸಿಗಬೇಕಾದರೆ ಯಾವ ಬುಕಿಂಗ್ ಆ್ಯಪ್‌ನಲ್ಲಿ ಎಷ್ಟು ದರ ಹಾಕಬೇಕು? ಇದಿಷ್ಟನ್ನು ಹೇಳುವ ಎಕ್ಸೆಲ್ ಹಾಳೆ ಮಾಡುವ ಕೆಲಸ ಇದು.

ವಾರ 1

ಬ್ಯಾಂಕಿಗೆ ಬಂದ ಮೊತ್ತವನ್ನಷ್ಟೇ ಬರೆದ ಮೊದಲ ಹಾಳೆ ಕೆಟ್ಟಿತು. ಅತಿಥಿ ಮನೆಯಲ್ಲೇ ದುಡ್ಡು ಕೊಡುವ ಬುಕಿಂಗ್‌ನಲ್ಲಿ ಪೂರ್ತಿ ಮೊತ್ತ ಕೈಗೆ ಬರುತ್ತದೆ, ಕಮಿಷನ್ ಬಿಲ್ಲು ಬರುವುದು ಮುಂದಿನ ತಿಂಗಳು. ಹಾಗಾಗಿ ಏಪ್ರಿಲ್ ಉಬ್ಬಿ, ಮೇ ಸೊರಗಿ ಕಾಣುತ್ತದೆ. ಈಗ ಅತಿಥಿ ಕೋಣೆ ಬಿಟ್ಟ ದಿನಕ್ಕೇ ಕಮಿಷನ್ ಬರೆಯಲಾಗುತ್ತಿದೆ. ಬಾರದೇ ಹೋದವರನ್ನು ಗಡುವಿನೊಳಗೆ ‘ನೋ ಶೋ’ ಎಂದು ಗುರುತಿಸದಿದ್ದರೆ ಅವರ ಮೇಲೂ ಕಮಿಷನ್ ಬೀಳುತ್ತದೆ. ಅದಕ್ಕೊಂದು ಕಾಲಂ ಸೇರಿತು.

ವಾರ 2

ಮೊದಲ ಆ್ಯಪ್‌ನ ಕಮಿಷನ್ ಶೇ. 15 ಎಂದರೆ ಹೋಗುವುದು ಶೇ. 15 ಅಲ್ಲ. ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ ಇದೆ, ಒಟ್ಟು ಶೇ. 17.7. ಜಿಎಸ್‌ಟಿ ನೋಂದಣಿ ಇಲ್ಲದ ಮನೆಗೆ ಅದು ವಾಪಸ್ ಸಿಗುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. 2,500ಕ್ಕೆ ಶೇ. 17.7 ಕೂಡಿಸಿ 2,943 ಎಂದು ದರ ಹಾಕಿದರೆ ಕೈಗೆ ಬರುವುದು 2,422. ಕಮಿಷನ್ ಕತ್ತರಿಸುವುದು ಏರಿಸಿದ ದರದ ಮೇಲೆ. ಆದ್ದರಿಂದ ಕೂಡಿಸಬಾರದು, ನೂರರಲ್ಲಿ 17.7 ಹೋಗಿ ಉಳಿಯುವ 82.3ರ ಪಾಲಿನಿಂದ ಭಾಗಿಸಬೇಕು: 2,500 ÷ 0.823 = 3,038. ಅಡಿಕೆ ತೂಗುವಾಗ ಗೋಣಿಯ ತೂಕ ಕಳೆಯಲು ಮರೆಯದ ಊರು, ಇಲ್ಲಿ ಮಾತ್ರ ಮರೆಯುತ್ತದೆ.

ವಾರ 3

ಎರಡನೇ ಆ್ಯಪ್ ಏರ್‌ಬಿಎನ್‌ಬಿ. ಅದರ ಶುಲ್ಕವನ್ನು ಮನೆಯವರು, ಅತಿಥಿ ಇಬ್ಬರೂ ಕೊಡುವ ಹಂಚಿಕೆ ಪದ್ಧತಿಯಲ್ಲಿ ಮನೆಯವರಿಂದ ಶೇ. 3, ಜಿಎಸ್‌ಟಿ ಸೇರಿ ಶೇ. 3.54. ದರ 2,592 ಸಾಕು. ಅಗ್ಗವೆಂದು ಹಿಗ್ಗುವ ಮೊದಲು ಅತಿಥಿಯ ಪರದೆ ನೋಡಬೇಕು. ಅವರ ಸೇವಾ ಶುಲ್ಕ ಶೇ. 14 ಎಂದು ಹಿಡಿದು, ಅದರ ಮೇಲಿನ ಜಿಎಸ್‌ಟಿ ಸೇರಿಸಿದರೆ ಅತಿಥಿಗೆ ಬೀಳುವುದು ಸುಮಾರು 3,020. ಹಿಂದಿನ 3,038ಕ್ಕೂ ಇದಕ್ಕೂ ಏನು ಮಹಾ ವ್ಯತ್ಯಾಸ?

ಎರಡು ಆ್ಯಪ್‌ಗಳ ಕ್ಯಾಲೆಂಡರ್ ಹೊಂದಿಸಲು ಚಾನೆಲ್ ಮ್ಯಾನೇಜರ್ ಸಾಫ್ಟ್‌ವೇರ್ ಜೋಡಿಸುವವರು ಎಚ್ಚರ. 2025ರ ಅಕ್ಟೋಬರ್‌ನಿಂದ ಅಂಥವರಿಗೆ ಹಂಚಿಕೆ ಪದ್ಧತಿ ಹೋಗಿ, ಪೂರ್ತಿ ಶೇ. 15.5 ಮನೆಯವರ ತಲೆಗೇ. ದರವನ್ನು 2,592ರಲ್ಲೇ ಬಿಟ್ಟರೆ ಕೈಗೆ 2,118. ಜೋಡಿಸಿದ ದಿನವೇ 3,060 ಮಾಡಬೇಕು. ಎರಡು ಕೋಣೆಗೆ ಐಕ್ಯಾಲ್ ಕೊಂಡಿಯೇ (ಒಂದು ಆ್ಯಪ್‌ನ ಕ್ಯಾಲೆಂಡರನ್ನು ಇನ್ನೊಂದಕ್ಕೆ ಜೋಡಿಸುವ ಲಿಂಕ್) ಸಾಕು. ಅದು ತಡವಾಗಿ ಹೊಂದಿಕೆಯಾಗುವುದರಿಂದ ಅದೇ ದಿನದ ಬುಕಿಂಗ್ ಮುಚ್ಚಿಟ್ಟರೆ ಆಯಿತು.

ವಾರ 4

ರಿಯಾಯಿತಿ ಕಾಲಂ. ಶೇ. 15ರ ಆ್ಯಪ್‌ನಲ್ಲಿ ಶೇ. 10 ರಿಯಾಯಿತಿಗೆ ಒಪ್ಪಿದರೆ 3,038 ಎಂಬುದು 2,734 ಆಗಿ, ಕೈಗೆ 2,250. ಮೂಲ ದರ 3,375 ಇರಬೇಕಿತ್ತು. ವಾರದ ರಿಯಾಯಿತಿ, ಮೊಬೈಲ್ ರಿಯಾಯಿತಿ ಒಂದರ ಮೇಲೊಂದು ಸೇರುತ್ತವೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳದೆ ಯಾವುದನ್ನೂ ಆನ್ ಮಾಡಬಾರದು.

ವಾರ 5

ತೆರಿಗೆ. ವರ್ಷದ ವಹಿವಾಟು 20 ಲಕ್ಷದ ಒಳಗಿದ್ದು ನೋಂದಣಿ ಇಲ್ಲದಿದ್ದರೆ, ಕೋಣೆ ಬಾಡಿಗೆಯ ಜಿಎಸ್‌ಟಿಯನ್ನು ಆ್ಯಪ್‌ನವರೇ ವಸೂಲಿ ಮಾಡಿ ಕಟ್ಟುತ್ತಾರೆ. ರಾತ್ರಿಗೆ 7,500ರ ವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5. ಇದು ನಮ್ಮ ಆದಾಯದ ಕಾಲಂಗೆ ಬರಬಾರದು. ಟಿಡಿಎಸ್, ಅಂದರೆ ಆ್ಯಪ್‌ನವರು ನಮಗೆ ಕೊಡುವ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ, 2024ರ ಅಕ್ಟೋಬರ್ 1ರಿಂದ ಶೇ. 0.1. ಪ್ಯಾನ್ ಕೊಟ್ಟಿದ್ದು, ಆ ಆ್ಯಪ್‌ನ ಮೂಲಕ ವರ್ಷಕ್ಕೆ 5 ಲಕ್ಷ ದಾಟದ ವ್ಯಕ್ತಿಗೆ ಅದೂ ಇಲ್ಲ.

ವಾರ 6

ನೇರ ಬುಕಿಂಗ್ ದರ 2,750 ಎಂದಾಯಿತು. ಆ್ಯಪ್‌ನಲ್ಲಿ ಜಿಎಸ್‌ಟಿ ಸೇರಿ 3,190 ಕೊಡುವ ಅತಿಥಿಗೆ 440 ಉಳಿತಾಯ, ಮನೆಗೆ 250 ಹೆಚ್ಚು. ಆದರೆ ಆ್ಯಪ್‌ನಲ್ಲಿ ವಿಚಾರಿಸಿದವರನ್ನು ಈ ಕಡೆಗೆ ಎಳೆಯುವುದು ನಿಯಮಕ್ಕೆ ವಿರುದ್ಧ, ಪಟ್ಟಿಯಿಂದಲೇ ಹೊರಹಾಕಬಹುದು. ಮಂಗಳೂರಿನಿಂದ ಎರಡನೇ ಸಲ ಬರುವವರಿಗೆ, ಪರಿಚಯದವರ ಮೂಲಕ ಬರುವವರಿಗೆ ಮಾತ್ರ ಈ ದರ. ಶೇ. 30 ಮುಂಗಡ ಯುಪಿಐಯಲ್ಲಿ.

ಈಗ ಕೂರಿಸುತ್ತಿರುವುದು ಮಳೆಗಾಲದ ಕಾಲಂ. ಒಂದು ರಾತ್ರಿಗೆ ಬೆಡ್‌ಶೀಟ್ ಒಗೆತ, ಬೆಳಗ್ಗಿನ ನೀರುದೋಸೆ, ಕರೆಂಟು ಸೇರಿ ಖರ್ಚು 600 ಎಂದು ಹಿಡಿದಿದೆ. 3,038ರ ದರದಲ್ಲಿ ಕಮಿಷನ್ 538, ಅಂದರೆ ಖರ್ಚು ಕಳೆದ 2,438ರಲ್ಲಿ ಶೇ. 22. ಜುಲೈಯಲ್ಲಿ ದರ 1,500ಕ್ಕೆ ಇಳಿಸಿದರೆ ಕಮಿಷನ್ 266, ಉಳಿಯುವ 900ರಲ್ಲಿ ಅದು ಹತ್ತಿರ ಹತ್ತಿರ ಶೇ. 30. ಆಟಿಯ (ತುಳುವರ ಆಷಾಢ ತಿಂಗಳು) ಮಳೆಗೆ ಬಟ್ಟೆ ಒಣಗದೆ ಹೊರಗೆ ಲಾಂಡ್ರಿಗೆ ಕೊಟ್ಟರೆ ಆ 600 ಇನ್ನೂ ಏರುತ್ತದೆ. ಆ ಅಂಕಿ ಸಿಕ್ಕಿದ ಮೇಲೆ ಜುಲೈಯ ಕನಿಷ್ಠ ದರ ತುಂಬಬೇಕು.