ಏಳು ಮಂದಿ, ಒಂದು ಗಾಡಿ: ಹುಬ್ಬಳ್ಳಿಯಿಂದ ಲಕ್ಕುಂಡಿ, ಡಂಬಳ

ದಸರಾ ರಜೆಯಲ್ಲಿ ಹುಬ್ಬಳ್ಳಿಯಿಂದ ಗದಗ ಜಿಲ್ಲೆಯ ಹಳೆಯ ಗುಡಿಗಳ ಊರುಗಳಾದ ಲಕ್ಕುಂಡಿ, ಡಂಬಳ ನೋಡಿಕೊಂಡು ಬಂದೆವು. ಅಪ್ಪ, ಅವ್ವ, ಕಾಕು, ನಾವಿಬ್ಬರು, ಮಕ್ಕಳಿಬ್ಬರು. ಗಾಡಿ ನಮ್ಮ ರೆನೋ ಟ್ರೈಬರ್ ಕಾರು. ಇಂಥ ಏಳು ಸೀಟಿನ ಗಾಡಿಯಲ್ಲಿ ಮನೆಮಂದಿಯೆಲ್ಲ ಹೊರಡುವುದಾದರೆ, ದಾರಿಗಿಂತ ಮೊದಲು ಭಾರದ ಬಗ್ಗೆ ಯೋಚಿಸಿ.

ಇದರ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ, 182 ಮಿಲಿಮೀಟರ್. ಆದರೆ ಅದು ಖಾಲಿ ಗಾಡಿಯ ಲೆಕ್ಕ. ಏಳು ಜನ ಕೂತರೆ ಸ್ಪ್ರಿಂಗ್ ಒತ್ತಿಕೊಂಡು ಹಿಂಭಾಗ ಇಳಿಯುತ್ತದೆ. ಹೊರಡುವ ಮುಂಚೆ ಹಿಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ನೋಡಿದೆ. ಖಾಲಿ ಇದ್ದಾಗ ನಾಲ್ಕು ಬೆರಳು, ಎಲ್ಲರೂ ಕೂತ ಮೇಲೆ ಎರಡೂವರೆ. ನೀವೂ ಮನೆ ಮುಂದೆಯೇ ಹೀಗೆ ನೋಡಿಕೊಳ್ಳಿ, ಎರಡು ನಿಮಿಷದ ಕೆಲಸ.

ಗದಗ ಸುಮಾರು 60 ಕಿ.ಮೀ. ಹೈವೇಯಲ್ಲಿ ಏನೂ ತೊಂದರೆಯಿಲ್ಲ. ನಡುವೆ ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಹೋಗಿ ಬನ್ನಿ. ತೊಂದರೆ ಶುರುವಾಗುವುದು ಊರೊಳಗಿನ ಹಂಪ್‌ಗಳಲ್ಲಿ. ಒಂದು ಕಡೆ ಮುಂದಿನ ಚಕ್ರ ದಾಟಿದ ಕೂಡಲೇ ಆಕ್ಸಿಲರೇಟರ್ ಒತ್ತಿದೆ. ಹಿಂಭಾಗ ಕುಸಿದು ತಳ ಕೆರೆಯಿತು. "ಸಾವಕಾಶ ಹೊಡಿಯೋ ತಮ್ಮಾ" ಅಂದರು ಅವ್ವ. ಇಳಿದು ಬಗ್ಗಿ ನೋಡಿದೆ, ಎಣ್ಣೆ ಸೋರಿರಲಿಲ್ಲ, ಜೀವ ಬಂತು. ಆಮೇಲೆ ಪ್ರತಿ ಹಂಪಿಗೂ ಮುಂಚೆಯೇ ಬ್ರೇಕ್ ಹಾಕಿ, ಫಸ್ಟ್ ಗೇರಿನಲ್ಲಿ, ಹಿಂದಿನ ಚಕ್ರ ಪೂರ್ತಿ ಇಳಿಯುವ ತನಕ ಒಂದೇ ಹದದಲ್ಲಿ ದಾಟಿಸಿದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎರಡೂವರೆ ಮೀಟರಿಗಿಂತ ಜಾಸ್ತಿ ಅಂತರವಿದೆ. ಚೂಪಾದ ಹಂಪ್ ಆ ನಡುವೆಯೇ ತಾಕುತ್ತದೆ. ಎದುರಿಗೆ ಗಾಡಿ ಇಲ್ಲದಿದ್ದರೆ ಸ್ವಲ್ಪ ಓರೆಯಾಗಿ ದಾಟಿಸಿ.

ಸಾಮಾನಿನ ವಿಷಯ. ಸೀಟಿನ ಮೂರೂ ಸಾಲು ಹಾಕಿದರೆ ಹಿಂದೆ ಉಳಿಯುವುದು 84 ಲೀಟರ್ ಜಾಗ ಅಷ್ಟೇ. ರೊಟ್ಟಿ ಬುತ್ತಿ, ಶೇಂಗಾ ಚಟ್ನಿ ಡಬ್ಬಿ, ಒಂದು ಬ್ಯಾಗು, ಮುಗಿಯಿತು. ನೀರಿನ ಕ್ಯಾನು ನಡುಸಾಲಿನ ಕಾಲಡಿಗೆ ಹೋಯಿತು. ಒಂದೇ ದಿನದ ಪ್ರವಾಸಕ್ಕೆ ಇಷ್ಟು ಸಾಕು. ರಾತ್ರಿ ಉಳಿಯುವುದಿದ್ದರೆ ಏಳು ಜನ ಬೇಡ. ಹಿಂದಿನ ಸಾಲಿಗೆ ಮಕ್ಕಳನ್ನೇ ಕೂರಿಸಿ. ಮಂಡಿನೋವಿನ ಹಿರಿಯರಿಗೆ ಅಲ್ಲಿಗೆ ಹತ್ತುವುದು ನಿಜಕ್ಕೂ ಕಷ್ಟ.

ಲಕ್ಕುಂಡಿಯಲ್ಲಿ ಗುಡಿಗಳೆಲ್ಲ ಊರಿನ ಮನೆಗಳ ನಡುವೆ ಇವೆ. ಗಾಡಿ ನಾಲ್ಕು ಮೀಟರಿನೊಳಗೇ ಇರುವುದರಿಂದ ತಿರುಗಿಸಬಹುದು, ಆದರೂ ಅಗಲವಾದ ಜಾಗದಲ್ಲಿ ನಿಲ್ಲಿಸಿ ನಡೆಯುವುದೇ ವಾಸಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರ, ಮುಸುಕಿನ ಬಾವಿ, ಯಾವುದನ್ನೂ ಬಿಡಬೇಡಿ. ಕಾಶಿ ವಿಶ್ವೇಶ್ವರದ ಬಾಗಿಲ ಕೆತ್ತನೆ ನೋಡುತ್ತ ಅಪ್ಪ ಅರ್ಧ ಗಂಟೆ ಅಲ್ಲೇ ನಿಂತಿದ್ದರು.

ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ನೋಡಿದ ಮೇಲೆ, ಕಪ್ಪತಗುಡ್ಡದ ಕಡೆ ಒಂದು ಹೊಲದ ದಾರಿ ಹಿಡಿಯೋಣ ಎನಿಸಿತು. ಹಿಂದಿನ ದಿನ ಮಳೆ ಆಗಿತ್ತು. ಚಕ್ಕಡಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ತಡೆದರು: "ಬ್ಯಾಡ್ರಿ, ಎರಿ ಮಣ್ಣು ಟೈರಿಗೆ ಹತ್ತಿದ್ರ ಗಾಡಿ ಅಲ್ಲೇ ಕುಂದರತೈತಿ." ಅವರು ಹೇಳಿದ್ದು ಸರಿ. ಕ್ಲಿಯರೆನ್ಸ್ ಎಷ್ಟೇ ಇರಲಿ, ಹಸಿ ಎರೆ ಮಣ್ಣಿನಲ್ಲಿ ಚಕ್ರ ಹಿಡಿತ ಬಿಟ್ಟರೆ ಮುಗಿಯಿತು. ಡಾಂಬರು ರಸ್ತೆಯಲ್ಲೇ ತಿರುಗಿ ಬಂದೆವು.

ಐದೇ ಜನ ಹೋಗುವುದಾದರೆ ಹಿಂದಿನ ಸೀಟುಗಳನ್ನು ಬಿಚ್ಚಿ ಮನೆಯಲ್ಲಿಡಿ. 625 ಲೀಟರ್ ಜಾಗ ಸಿಗುತ್ತದೆ, ತಳವೂ ಅಷ್ಟು ಇಳಿಯುವುದಿಲ್ಲ. ಟೈರಿನ ಗಾಳಿಯನ್ನು ಮಾತ್ರ, ಪೂರ್ತಿ ಭಾರಕ್ಕೆ ಎಷ್ಟೆಂದು ಗಾಡಿಗೆ ಅಂಟಿಸಿರುವ ಸ್ಟಿಕ್ಕರಿನಲ್ಲಿ ಓದಿ, ಹೊರಡುವ ದಿನ ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಹಾಕಿಸಿ.