ನಡುವಿನ ಒಂದು ಚುಕ್ಕಿ

ಇವತ್ತು ಕಾಫಿ ತಣ್ಣಗಾಗುವವರೆಗೂ ಒಂದು ಚುಕ್ಕಿಯನ್ನೇ ನೋಡುತ್ತಾ ಕೂತಿದ್ದೆ. 'ಸೀರಿಯಲ್.ಬಿಗಿನ್(9600)'. ಆ ನಡುವಿನ ಚುಕ್ಕಿ.

ಎರಡು ವರ್ಷದಿಂದ ಆರ್ಡುಯಿನೊ ಊನೊ ಅನ್ನೋ, ಕೋಡ್ ಬರೆದು ಆಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡಿನ ಜೊತೆ ಆಡುತ್ತಿದ್ದೇನೆ. ಬೋರ್ಡು ಕಂಪ್ಯೂಟರ್ ಜೊತೆ ಮಾತು ಶುರುಮಾಡಲಿ ಅಂತ ಈ ಸಾಲನ್ನು ಮಂತ್ರದ ಹಾಗೆ ಬರೆಯುತ್ತಲೇ ಇದ್ದೇನೆ. ಸೀರಿಯಲ್ ಅನ್ನೋದೇ ಒಂದು ಆಬ್ಜೆಕ್ಟ್, ಅಂದರೆ ತನ್ನ ಮಾಹಿತಿ, ತನ್ನ ಕೆಲಸ ಎರಡನ್ನೂ ಒಟ್ಟಿಗೆ ಇಟ್ಟುಕೊಂಡ ಕೋಡಿನ ತುಣುಕು, ಆ ಚುಕ್ಕಿ ಅದರ ಕೆಲಸವನ್ನು ಕರೆಯೋದು ಅಂತ ಗೊತ್ತಾಗಿದ್ದು ಇವತ್ತು! ಕ್ಲಾಸು (ಆಬ್ಜೆಕ್ಟ್ ತಯಾರಿಸುವ ಅಚ್ಚು), ಆಬ್ಜೆಕ್ಟು ಅಂದರೆ ಹೆದರಿ ದೂರ ಇದ್ದವನು ದಿನಾ ಅದನ್ನೇ ಬಳಸುತ್ತಿದ್ದೆ.

ಧೈರ್ಯ ಬಂತು. ಎಲ್‌ಇಡಿಗೆ ಒಂದು ಕ್ಲಾಸ್ ಬರೆದೆ. ಒಳಗೆ ಬೋರ್ಡಿನಲ್ಲಿ ಅದನ್ನು ಸಿಕ್ಕಿಸಿದ ಪಿನ್ ನಂಬರು, ಹಿಂದಿನ ಸಲ ಮಿನುಗಿದ ಹೊತ್ತು, ಅಷ್ಟೇ. ಕೋಡನ್ನು ಅಲ್ಲೇ ನಿಲ್ಲಿಸಿ ಕಾಯಿಸುವ ಡಿಲೇ ತೆಗೆದು, ಎಷ್ಟು ಹೊತ್ತಾಯಿತು ಅಂತ ಹೇಳುವ ಮಿಲ್ಲಿಸ್ ಹಾಕಿದೆ. ಕೆಂಪು 300 ಮಿಲಿಸೆಕೆಂಡಿಗೆ, ಹಸಿರು 700ಕ್ಕೆ. ಕೋಡು ಒಂದೇ, ಆದರೆ ತಂತಮ್ಮ ಲೆಕ್ಕ ತಾವೇ ಇಟ್ಟುಕೊಂಡಿವೆ. ಅದೂ 2 ಕೆಬಿ ರ್‍ಯಾಮ್‌ನಲ್ಲಿ!

ಹಳದಿ ಮಾತ್ರ ಹತ್ತಲಿಲ್ಲ. ಅರ್ಧ ಗಂಟೆ ಸುಮ್ನೆ ಕ್ಲಾಸನ್ನು ಬೈದೆ. ನೋಡಿದರೆ ಎಲ್‌ಇಡಿ ಕಾಲು ಉಲ್ಟಾ.