11 ತಿಂಗಳ ಕೆಲಸ 20 ತಿಂಗಳಿಗೆ ಹೋದದ್ದು

ಬಾಗಲಕೋಟೆ ಜಿಲ್ಲೆಯಲ್ಲಿ ಸೈಟ್ ಎಂಜಿನಿಯರ್ ಆಗಿರುವ ನನಗೆ ರಿಸ್ಕ್ ಎಂಬ ಮಾತಿನ ಅರ್ಥ ತಿಳಿದದ್ದು ಮುಧೋಳ ತಾಲ್ಲೂಕಿನ, ಘಟಪ್ರಭಾ ದಂಡೆಯ ಊರೊಂದರ ವಸತಿನಿಲಯದ ಕಾಮಗಾರಿಯಲ್ಲಿ. 2019ರ ಮಾರ್ಚ್ ನಡುವೆ ಆರಂಭವಾದ ಆ ಕಟ್ಟಡ 2020ರ ಫೆಬ್ರುವರಿಗೆ ಮುಗಿಯಬೇಕಿತ್ತು. ಮುಗಿದದ್ದು ಅದೇ ವರ್ಷದ ನವೆಂಬರ್‌ನಲ್ಲಿ.

ಮಣ್ಣು ಪರೀಕ್ಷೆಗೆ ಎರಡೇ ಗುಂಡಿ ತೋಡಿದ್ದರು, ಎರಡೂ ರಸ್ತೆ ಬದಿಗೆ. ಅಲ್ಲಿ ನಾಲ್ಕೂವರೆ ಅಡಿಗೆ ಗಟ್ಟಿ ಗರಸು ಸಿಕ್ಕಿದ್ದರಿಂದ ಇಡೀ ಬುನಾದಿಯ ನಕ್ಷೆ ಅದನ್ನೇ ನಂಬಿ ತಯಾರಾಗಿತ್ತು. ಏಪ್ರಿಲ್‌ನಲ್ಲಿ ಹಿಂಬದಿಯ ಮೂಲೆ ಅಗೆದಾಗ ಹತ್ತು ಅಡಿ ಇಳಿದರೂ ಎರೆಮಣ್ಣೇ ಬರುತ್ತಿತ್ತು. ಪಕ್ಕದ ಹೊಲದ ಹಿರಿಯರೊಬ್ಬರು ಲೈನ್‌ಔಟ್ ಹಾಕಿದ, ಅಂದರೆ ನೆಲದ ಮೇಲೆ ಕಟ್ಟಡದ ಗುರುತು ಹಾಕಿದ ದಿನವೇ ಬದುವಿನ ಮೇಲೆ ನಿಂತು, "ಸಾಹೇಬ್ರ, ಆ ಮೂಲ್ಯಾಗ ಎರಿ ಭಾಳ ಆಳ ಐತ್ರಿ, ನಮ್ಮಪ್ಪ ಬಾವಿ ತೋಡುವಾಗ ಎರಡಾಳು ಇಳಿದ್ರೂ ಗರಸು ಸಿಕ್ಕಿದ್ದಿಲ್ಲ" ಎಂದಿದ್ದರು. ನಾನು ಕೇಳಿಸಿಕೊಂಡಿದ್ದೆ, ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಆ ಮಣ್ಣನ್ನು ಒಣಗಿಸಿ, 425 ಮೈಕ್ರಾನ್ ಜರಡಿ ಹಿಡಿದು, ಹತ್ತು ಹತ್ತು ಗ್ರಾಂ ಎರಡು ಗಾಜಿನ ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಟ್ಟೆವು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದೆ 10 ಮಿಲಿಲೀಟರ್ ಗೆರೆಗೇ ಕುಳಿತಿತ್ತು, ನೀರಿನಲ್ಲಿ 18ಕ್ಕೆ ಏರಿತ್ತು. ಅಂದರೆ ಶೇ 80ರಷ್ಟು ಉಬ್ಬುವ ಮಣ್ಣು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಇಂಥ ನೆಲದಲ್ಲಿ ಸಾದಾ ಬುನಾದಿ ನಿಲ್ಲುವುದಿಲ್ಲ. ತೇವ ಏರಿಳಿಯುವ ಪದರವನ್ನು ದಾಟಿ ಕೆಳಗೆ ಗುಂಡಗೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು, ಅಂದರೆ ಅಂಡರ್ ರೀಮ್ಡ್ ಪೈಲ್‌ಗಳನ್ನು ಇಳಿಸಬೇಕಾಗುತ್ತದೆ.

ಪೈಲ್ ಹಾಕಲು ಹಿಡಿದದ್ದು 18 ದಿನ. ಅದಕ್ಕೆ ಒಪ್ಪಿಗೆ ಬರಲು ಹಿಡಿದದ್ದು ಹತ್ತು ವಾರ. ಟೆಂಡರಿನ ದರಪಟ್ಟಿಯಲ್ಲಿ ಆ ಬಾಬತ್ತು ಇರಲಿಲ್ಲ, ಹೆಚ್ಚುವರಿ ಖರ್ಚು ಯಾರ ತಲೆಗೆ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಿರಲಿಲ್ಲ, ಹೀಗಾಗಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇತ್ತು.

ಆ ವಿಳಂಬ ನಮ್ಮನ್ನು ಆಗಸ್ಟ್ ಬಾಯಿಗೆ ತಂದು ನಿಲ್ಲಿಸಿತು. ನಮ್ಮ ಕಡೆ ಮೋಡವಿಲ್ಲದಿದ್ದರೂ ಹೊಳೆ ಬರುತ್ತದೆ; ಘಟ್ಟದಲ್ಲಿ ಮಳೆ ಸುರಿದು ಘಟಪ್ರಭೆಯ ಹಿಡಕಲ್ ಜಲಾಶಯ ತುಂಬಿದರೆ ಸಾಕು. 2019ರ ಆ ಪ್ರವಾಹದಲ್ಲಿ ಸೈಟಿಗೆ ನೀರು ಬರಲಿಲ್ಲ, ಆದರೆ ದಾರಿಯ ಸೇತುವೆ ಮುಳುಗಿ ಸಿಮೆಂಟ್ ಲಾರಿ ಆಚೆಯೇ ನಿಂತಿತು. ನವೆಂಬರ್‌ನಲ್ಲಿ ಸಕ್ಕರೆ ಕಾರ್ಖಾನೆಗಳು ಶುರುವಾಗುತ್ತಲೇ ಅರ್ಧ ಆಳುಗಳು ಕಬ್ಬು ಕಡಿಯಲು ಹೋದರು. ಉಳಿದವರಿಂದ ಅವಸರದಲ್ಲಿ ಕಾಲಂ ಎಬ್ಬಿಸಿದಾಗ ಕ್ಯೂರಿಂಗ್, ಅಂದರೆ ಕಾಂಕ್ರೀಟಿಗೆ ನೀರುಣಿಸಿ ಹಸಿಯಾಗಿಡುವ ಕೆಲಸ, ಹಿಂದೆ ಬಿತ್ತು. ಸುತ್ತಿದ ಗೋಣಿತಟ್ಟು ಮಧ್ಯಾಹ್ನಕ್ಕೆ ಒಣಗಿ ಗರಿಗರಿಯಾಗಿರುವುದನ್ನು ಕಂಡು ಎರಡು ಸಲ ಕೆಲಸ ನಿಲ್ಲಿಸಿದ್ದೇನೆ. ಕೊನೆಗೆ 2020ರ ಮಾರ್ಚ್ ಲಾಕ್‌ಡೌನ್ ಬಂತು. ಫೆಬ್ರುವರಿಗೆ ಬೀಗದ ಕೈ ಒಪ್ಪಿಸಿದ್ದರೆ ಆ ಲಾಕ್‌ಡೌನಿಗೂ ನಮ್ಮ ಕಟ್ಟಡಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ತಡವಾದ ಕಾಮಗಾರಿ ತನ್ನದಲ್ಲದ ಅಪಾಯಗಳನ್ನೂ ಹೊರಬೇಕಾಗುತ್ತದೆ ಎಂಬುದು ನನಗೆ ಆಗಲೇ ಮನವರಿಕೆಯಾಯಿತು.

ಬಿಲ್ಲು ಪಾಸಾಗುವುದು ತಡವಾಗಿ ಗುತ್ತಿಗೆದಾರರು ಸಾಲದ ಬಡ್ಡಿ ಕಟ್ಟಿದ್ದು ಬೇರೆ ಮಾತು.

ಈಗ ನಾನು ಅಗೆತ ಶುರುವಾಗುವ ಮೊದಲೇ ಒಂದು ವಹಿ ಇಡುತ್ತೇನೆ. ಪ್ರತಿ ಅಪಾಯದ ಎದುರು ತೀರ್ಮಾನ ಕೊಡುವವರ ಹೆಸರು, ಎಷ್ಟು ದಿನದೊಳಗೆ ಎಂಬ ಗಡುವು, ಹಣ ಯಾವ ಬಾಬತ್ತಿನಿಂದ ಎಂಬ ಮೂರನ್ನೂ ಬರೆದು, ಎಲ್ಲರ ಸಹಿ ಪಡೆಯುತ್ತೇನೆ. ನಾಲ್ಕು ಮೂಲೆಗೂ ನಡುವಿಗೂ ಗುಂಡಿ ತೋಡಿಸುತ್ತೇನೆ. ಅಕ್ಕಪಕ್ಕದ ಹೊಲದವರು ಬಾವಿಯ ಬಗ್ಗೆ ಹೇಳಿದ ಮಾತನ್ನು ಅವರ ಮಾತಿನಲ್ಲೇ ದಿನಾಂಕ ಹಾಕಿ ಬರೆದುಕೊಳ್ಳುತ್ತೇನೆ. ಜಮಖಂಡಿ ಹತ್ತಿರದ ಈಗಿನ ಸೈಟಿನಲ್ಲಿ ವಹಿಯ ಮೊದಲ ಸಾಲು ಅಂಥದೇ ಮಾತು, ಮತ್ತು ಅದರ ಪ್ರಕಾರ ಈಶಾನ್ಯ ಮೂಲೆಯಲ್ಲಿ ಮತ್ತೊಂದು ಗುಂಡಿ ನಾಳೆ ತೋಡಲಿದ್ದೇವೆ.